ತಪ್ಪಿದವರ ಹೆಸರು

ಕಾರ್ಡಾಟ ಅಂದ ಕೂಡಲೇ ಇಸ್ಪೀಟು ಅಂದುಕೊಂಡು ಮೂಗು ಮುರಿಯಬೇಡಿ. ಇದು ಬೇರೆ. ಇದರಲ್ಲಿ ರಾಜ, ರಾಣಿ, ಗುಲಾಮರ ಬದಲು ಸೈನಿಕರು, ಕೋಟೆಗಳು, ಮಾಟಮಂತ್ರಗಳು. ಒಂದೊಂದು ಕಾರ್ಡಿನ ಮೇಲೂ ಒಂದು ಚಿತ್ರ, ಅದರ ಕೆಳಗೆ ಆ ಕಾರ್ಡು ಏನು ಮಾಡಬಲ್ಲದು ಅನ್ನುವ ವಿವರ, ಅದೂ ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಇಂಥವು ಸಾವಿರಾರು. ಒಂದು ಕಾರ್ಡು ಸುಡು ಅನ್ನುತ್ತದೆ, ಇನ್ನೊಂದು ಸುಡಬೇಡ ಅನ್ನುತ್ತದೆ. ಎರಡೂ ಎದುರಾದಾಗ ದೊಡ್ಡ ದೊಡ್ಡ ಉದ್ಯೋಗದಲ್ಲಿರುವವರು ಕೂಡ ಮಕ್ಕಳಿಗಿಂತ ಕಡೆಯಾಗಿ ಕಿತ್ತಾಡುತ್ತಾರೆ. ಹಾಗೆ ಕಿತ್ತಾಡದಿರಲಿ ಎಂದು ಆಡುವವರ ಪ್ರತಿ ಗುಂಪಿನಲ್ಲೂ ನಿಯಮ ಬಲ್ಲವರೊಬ್ಬರು ಇರುತ್ತಾರೆ. ಯಾರು ಕೇಳಿದರೂ ಅವರು ಉತ್ತರ ಹೇಳಬೇಕು, ಹೇಳಿದ ಮೇಲೆ ಮುಗಿಯಿತು, ಮತ್ತೆ ಚಕಾರವೆತ್ತುವ ಹಾಗಿಲ್ಲ. ಈ ಕತೆಯ ಗುಂಪಿಗೆ ಅಂಥವರು ಲಿಫ್ಟಣ್ಣ.

ಲಿಫ್ಟ್ ರಿಪೇರಿ ಅವರ ಕಸುಬು. ಕಾರ್ಡಿನ ಅಂಗಡಿ ಇದ್ದದ್ದು ಹಳೇ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಅಲ್ಲಿನ ಲಿಫ್ಟ್ ಕೆಟ್ಟಾಗ ರಿಪೇರಿಗೆಂದು ಬಂದವರು, ಒಳಗೆ ಇಬ್ಬರು ಗಂಟಲು ಹರಿದುಕೊಳ್ಳುತ್ತಿದ್ದುದನ್ನು ಕೇಳಿ, ಗ್ರೀಸ್ ಕೈಯನ್ನು ಹಿಂದೆ ಕಟ್ಟಿಕೊಂಡು ಬಗ್ಗಿ ಎರಡೂ ಕಾರ್ಡು ಓದಿ, "ಇಲ್ಲಿ ಬರೆದಿರೋದು ಇಷ್ಟೇ ಅಲ್ವೇನ್ರಪ್ಪ, ಬರೀದೇ ಇರೋದನ್ನ ಯಾಕೆ ಓದ್ತೀರಾ?" ಅಂದರಂತೆ. ಅವತ್ತಿನಿಂದ ಅವರು ಆ ಗುಂಪಿನ ಆಸ್ತಿ. ಅವರು ಅಣ್ಣನಾದ ಮೇಲೆ ಅವರ ಹೆಂಡತಿ ಎಲ್ಲರಿಗೂ ಅತ್ತಿಗೆ. ಅತ್ತಿಗೆಗೆ ಈ ಆಟದ ಗಂಧಗಾಳಿಯೂ ಇರಲಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಫ್ರೇಮಿಗೆ ಸರಿಯಾಗಿ ಉಜ್ಜಿ ಕೂರಿಸುವುದು ಅವರ ಕೆಲಸ. ಗಂಡ ಮೇಜಿನ ತುಂಬ ಕಾರ್ಡು ಹರಡಿಕೊಂಡಾಗ, "ನಿಮ್ಮ ಸೈನ್ಯಾನ ಸ್ವಲ್ಪ ಆ ಕಡೆ ಸರಿಸಿ, ತಟ್ಟೆ ಇಡಬೇಕು" ಅನ್ನುವುದಕ್ಕಿಂತ ಹೆಚ್ಚಿಗೆ ಅವರು ಅದರಲ್ಲಿ ತಲೆ ಹಾಕಿದವರಲ್ಲ.

ಆಮೇಲೆ ಲಿಫ್ಟಣ್ಣನಿಗೆ ಸ್ಟ್ರೋಕ್ ಆಯಿತು. ಬಲಗೈ ಕೆಲಸಕ್ಕೆ ಬಾರದೆ ಹೋಯಿತು. ಮಾತು ಬಂತು, ಆದರೆ ತಡವರಿಸುತ್ತ ಬಂತು. ಕಿಟಕಿ ಅನ್ನಬೇಕಾದಲ್ಲಿ ಬಾಗಿಲು ಅನ್ನುವರು, ಆಮೇಲೆ ತಮ್ಮ ಮೇಲೇ ರೇಗುವರು. ಕೆಲಸ ಹೋಯಿತು. ಜೊತೆ ಕೆಲಸದವರು ಮೊದಮೊದಲು ಬಂದು ಹೋಗುತ್ತಿದ್ದರು, ಬರುಬರುತ್ತ ಅದೂ ನಿಂತಿತು. ಕೊನೆಗೆ ಉಳಿದದ್ದೊಂದೇ, ಫೋನಿಗೆ ಬರುವ ಗುಂಪಿನ ಪ್ರಶ್ನೆಗಳು. ಬೆಳಿಗ್ಗೆ ಎದ್ದು ಎಡಗೈಯಲ್ಲಿ ಹೇಗೋ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿಯನ್ನೇ ಕೇಳಿ ಹಾಕಿಸಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಫೀಸಿಗೆ ಬಂದವರಂತೆ ಕೂರುತ್ತಿದ್ದರು. "ಏನಾದ್ರೂ ಬಂತಾ?" ಅನ್ನುವುದು ದಿನದ ಮೊದಲ ಮಾತು. ಬಂದಿದ್ದರೆ ಅತ್ತಿಗೆ ಫೋನು ಹಿಡಿದು ಓದುವರು, ಅವರು ಉತ್ತರ ಹೇಳುವರು, ಅತ್ತಿಗೆ ಬೆರಳಾಡಿಸಿ ಕಳಿಸುವರು. ಪ್ರಶ್ನೆ ಬರದ ದಿನ ಆ ಇಸ್ತ್ರಿ ಅಂಗಿಯನ್ನು ನೋಡುವುದಕ್ಕೇ ಅತ್ತಿಗೆಗೆ ಸಂಕಟ.

ಹೀಗಿರುವಾಗ ಒಂದು ದಿನ ಲಿಫ್ಟಣ್ಣ ಹೇಳಿದ ಉತ್ತರ, ಅದೇ ಪ್ರಶ್ನೆಗೆ ಅವರೇ ಹಿಂದೆ ಕೊಟ್ಟಿದ್ದ ಉತ್ತರಕ್ಕೆ ತದ್ವಿರುದ್ಧವಾಗಿತ್ತು. ಹಳೆಯದು ಫೋನಿನಲ್ಲಿ ಅಲ್ಲೇ ಮೇಲಿತ್ತು. ಅತ್ತಿಗೆ ಗಂಡನ ಮುಖ ನೋಡಿದರು, ಅನುಮಾನದ ಗೆರೆ ಒಂದೂ ಇರಲಿಲ್ಲ. ಸುಮ್ಮನೆ ಹಳೆಯ ಉತ್ತರವನ್ನೇ ಬರೆದು ಕಳಿಸಿದರು. ಚಿಟಿಕೆ ಹೊಡೆಯುವುದರೊಳಗೆ ಗುಂಪಿನವರು ಹೆಬ್ಬೆರಳು ಎತ್ತಿದರು. ಒಬ್ಬರಂತೂ, "ಅಣ್ಣನ ತಲೆ ಮೊದಲಿಗಿಂತ ಜೋರಾಗಿ ಓಡ್ತಿದೆ" ಎಂದು ಬರೆದರು. ಅದನ್ನು ಓದಿ ಹೇಳಿದಾಗ ಲಿಫ್ಟಣ್ಣ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು, ಅರ್ಧ ಬಾಯಿಯದು, ಆದರೂ ನಗು. ಈಗ ಹೇಳಿ, ಅಂಥ ನಗು ನೋಡಿದ ಮೇಲೆ ನೀವಾಗಿದ್ದರೆ ನಿಜ ಹೇಳುತ್ತಿದ್ದಿರಾ? ಹೇಳುತ್ತಿರಲಿಲ್ಲ. ಸುಮ್ಮನೆ ಆ ಹೆಂಗಸಿನ ಮೇಲೆ ಹರಿಹಾಯಬೇಡಿ.

ಹಾಗಂತ ದಿನಾ ಹಳೆಯ ಉತ್ತರ ಸಿಗುತ್ತದೆಯೇ? ಅತ್ತಿಗೆ ನಿಯಮದ ಪುಸ್ತಕವನ್ನೇ ಕೈಚೀಲಕ್ಕೆ ಹಾಕಿಕೊಂಡರು. ಊಟದ ಬಿಡುವಿನಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜಿನ ಪುಡಿ ಒರೆಸಿದ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟುಕೊಂಡು ಕೂತರೆ, ಜೊತೆಯವಳು "ಏನ್ರೀ, ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದ್ದೀರಾ?" ಎಂದು ಕಾಲೆಳೆಯುತ್ತಿದ್ದಳು. ಮೊದಲು ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿತು. ಆಮೇಲೆ, ನಿಜ ಹೇಳಬೇಕೆಂದರೆ, ರುಚಿ ಹತ್ತಿತು. ಗಂಡ ಹೇಳಿದ್ದು ಸರಿಯಿದ್ದರೆ ಹಾಗೆಯೇ ಬರೆಯುವರು, ತಪ್ಪಿದ್ದರೆ ತಿದ್ದಿ ಬರೆಯುವರು. ತಿದ್ದುವುದೇ ಹೆಚ್ಚಾಗುತ್ತ ಬಂತು. ಲಿಫ್ಟಣ್ಣನಿಗೆ ಇದರ ಸುಳಿವೇ ಇರಲಿಲ್ಲ. ಫೋನಿನ ಸಣ್ಣ ಅಕ್ಷರ ಅವರ ಕಣ್ಣ ಮುಂದೆ ಕುಣಿಯುತ್ತಿತ್ತು, ಹೆಂಡತಿ ಓದಿದ್ದೇ ಅವರಿಗೆ ಗುಂಪು.

ಆದರೆ ಬಲ್ಲೆ ಅನ್ನುವುದು ಬಹಳ ಕೆಟ್ಟದ್ದು ನೋಡಿ, ಅದು ಬಂದದ್ದೇ ಗೊತ್ತಾಗುವುದಿಲ್ಲ. ಗಂಡನ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಅತ್ತಿಗೆಗೆ ಕಮ್ಮಿಯಾಗುತ್ತ ಹೋಯಿತು. ಅವರು ತಡವರಿಸುತ್ತಿರುವಾಗಲೇ ಇವರು ಮನಸ್ಸಿನಲ್ಲಿ ಉತ್ತರ ಬರೆದು ಮುಗಿಸಿರುತ್ತಿದ್ದರು.

ಆ ಪ್ರಶ್ನೆ ಬಂದದ್ದು ಅತ್ತಿಗೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟು ನಿಂತಾಗ. ಕೇಳಿದವಳು ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ, ಗುಂಪಿನಲ್ಲಿ ಎಲ್ಲರೂ ಅವಳನ್ನು ಬೇಕರಿ ಅಂತಲೇ ಕರೆಯುವುದು. ಅವಳ ಹತ್ತಿರ ಕಾವಲುಗಾರ ಎಂಬ ಕಾರ್ಡಿತ್ತು. ಕಾವಲುಗಾರ ನಿಂತಿರುವ ತನಕ ಅವನ ಪಕ್ಷದ ಬೇರೆ ಸೈನಿಕರನ್ನು ಯಾವುದೂ ಸುಡಲಾರದು ಎಂದು ಅದರ ಮೇಲೆ ಬರೆದಿತ್ತು. ಎದುರಾಳಿ ಕಾಡ್ಗಿಚ್ಚು ಎಂಬ ಕಾರ್ಡು ಹಾಕಿದರೆ? ಅದರ ಮೇಲೆ ಇದ್ದದ್ದು ಒಂದೇ ಮಾತು, ಮೈದಾನದಲ್ಲಿರುವ ಎಲ್ಲ ಸೈನಿಕರನ್ನೂ ಸುಡು. ಆಗ ಯಾರು ಸುಟ್ಟುಹೋಗುತ್ತಾರೆ, ಯಾರು ಉಳಿಯುತ್ತಾರೆ?

"ಕಾವಲುಗಾರ... ಅವನೊಬ್ಬನೇ," ಅಂದರು ಲಿಫ್ಟಣ್ಣ. "ಉಳಿದವರು... ಉಳೀತಾರೆ."

"ಯಾಕೆ?" ಅಂದರು ಅತ್ತಿಗೆ, ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡೇ.

ಲಿಫ್ಟಣ್ಣ ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿದರು. "ಎಲ್ಲಾ... ಇದು... ಹೀಗೆ," ಅಂದರು. ಮುಂದಿನ ಮಾತು ಬರಲಿಲ್ಲ.

ಅತ್ತಿಗೆ ಮೆಟ್ಟಿಲು ಇಳಿಯುತ್ತಲೇ ಯೋಚಿಸಿದರು. ಕಾವಲುಗಾರನೂ ಸೈನಿಕನೇ, ಅವನೂ ಸುಟ್ಟುಹೋಗುತ್ತಾನೆ. ಅವನು ಹೋದ ಮೇಲೆ ಕಾಯುವವರು ಯಾರು? ಕಾರ್ಡು ಹೋದರೆ ಅದರ ಬಲವೂ ಹೋಯಿತು ಎಂದು ಪುಸ್ತಕದಲ್ಲಿ ಕಣ್ಣಾರೆ ಓದಿದ್ದರು. ಪಾಪ, ಇವರಿಗೆ ಇಷ್ಟು ಸುಲಭದ್ದೂ ಈಗ ಹೊಳೆಯುವುದಿಲ್ಲವಲ್ಲ ಎಂದು ಮರುಗುತ್ತಲೇ, ಬಸ್ಸಿಗೆ ಕಾಯುತ್ತ, ಎಲ್ಲರೂ ಸುಟ್ಟುಹೋಗುತ್ತಾರೆ ಎಂದು ಬರೆದು ಕಳಿಸಿಬಿಟ್ಟರು. ಯಾವ ಪ್ರಶ್ನೆಗಾದರೂ ಮೊದಲು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನೋಡು, ಆಮೇಲೆ ಬಾಯಿಬಿಡು ಅನ್ನುವುದು ಲಿಫ್ಟಣ್ಣನ ಪದ್ಧತಿ. ಬಸ್ ಸ್ಟಾಪಿನಲ್ಲಿ ಮೇಜು ಎಲ್ಲಿಂದ ಬರಬೇಕು?

ಆ ವಾರ ಕಳೆದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅತ್ತಿಗೆ ತೆಗೆದು ನೋಡಿದರೆ ಕಾರ್ಡಿನ ಅಂಗಡಿಯವರು ನಿಂತಿದ್ದರು, ಅವರ ಹಿಂದೆ ಬೇಕರಿ ಹುಡುಗಿ. ಮನೆಗೆ ಜನ ಬಂದು ಎಷ್ಟೋ ದಿನವಾಗಿತ್ತು. ಲಿಫ್ಟಣ್ಣನ ಮುಖ ಅರಳಿತು. ಕುರ್ಚಿಯಿಂದ ಏಳಲು ಹೋದರು.

"ಕೂತ್ಕೊಳ್ಳಿ ಅಣ್ಣಾ, ಕೂತ್ಕೊಳ್ಳಿ," ಎಂದು ಅಂಗಡಿಯವರು ಭುಜ ಹಿಡಿದು ಕೂರಿಸಿದರು. ಒಂದಿಷ್ಟು ಆಚೀಚೆಯ ಮಾತಾಯಿತು. ಆಮೇಲೆ ಅಂಗಡಿಯವರು ಹುಡುಗಿಯ ಕಡೆ ನೋಡಿದರು, ಹುಡುಗಿ ನೆಲ ನೋಡಿದಳು.

"ಹೇಳಮ್ಮ," ಅಂದರು ಅತ್ತಿಗೆ.

"ಅಣ್ಣಾ, ನಾನು ಜಗಳಕ್ಕೆ ಬಂದಿಲ್ಲ," ಅಂದಳು ಬೇಕರಿ. "ಹೋದ ವಾರ ಕೊನೇ ಆಟ. ಗೆದ್ದವರು ದೊಡ್ಡ ಪಂದ್ಯಕ್ಕೆ ಹೋಗ್ಬೇಕಿತ್ತು. ಅವನು ಕಾಡ್ಗಿಚ್ಚು ಹಾಕ್ದ. ನೀವು ಹೇಳಿದ್ದೀರಲ್ಲ, ಎಲ್ಲಾರೂ ಸುಟ್ಟೋಗ್ತಾರೆ ಅಂತ. ನಾನೇ ನನ್ನ ಸೈನಿಕರನ್ನೆಲ್ಲಾ ಎತ್ತಿಟ್ಟೆ. ಸೋತೆ. ಸೋತಿದ್ದಕ್ಕೇನಿಲ್ಲ, ಬಿಡಿ. ಆದ್ರೆ ನಿನ್ನೆ ಆಟ ಮಾಡಿದ ಕಂಪನಿಯವರೇ ಉತ್ತರ ಹಾಕಿದ್ದಾರೆ. ಕಾವಲುಗಾರ ಒಬ್ಬನೇ ಸುಟ್ಟೋಗ್ತಾನಂತೆ. ಉಳಿದವರು ಉಳೀತಾರಂತೆ." ಅವಳ ಕಣ್ಣಲ್ಲಿ ನೀರು ತುಂಬಿತು. "ಬೆಳಗಿನ ಪಾಳಿ ಮುಗಿಸಿ ದಿನಾ ಪ್ರಾಕ್ಟೀಸ್ ಮಾಡ್ತಿದ್ದೆ ಅಣ್ಣಾ. ನೀವು ಹೇಳಿದ್ದು ಅಂತ ಪುಸ್ತಕ ಕೂಡ ತೆಗೆದು ನೋಡ್ಲಿಲ್ಲ."

ಲಿಫ್ಟಣ್ಣ ಅವಳನ್ನೇ ನೋಡುತ್ತಿದ್ದರು. "ಇಲ್ಲ," ಅಂದರು. "ನಾನು... ಹಾಗೆ ಹೇಳಿಲ್ಲ."

"ಗ್ರೂಪ್‌ನಲ್ಲಿ ಇದೆಯಲ್ಲ ಅಣ್ಣಾ," ಅಂದರು ಅಂಗಡಿಯವರು ಮೆಲ್ಲಗೆ.

"ಹೇಳಿಲ್ಲ! ಅವನೊಬ್ಬನೇ ಅಂದೆ. ಅವನೊಬ್ಬ... ಬಾಗಿಲು... ಥೂ!" ಲಿಫ್ಟಣ್ಣನ ಮುಖ ಕೆಂಪಾಯಿತು. ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಯಿತು. ಎಡಗೈ ಕುರ್ಚಿಯ ತೋಳನ್ನು ಗುದ್ದಿತು.

"ಆಯ್ತಣ್ಣಾ, ಆಯ್ತು. ಯಾರು ನಿಮ್ಮನ್ನ ಬೈದ್ರೀಗ? ಬಿಟ್ಟಾಕಿ," ಎಂದು ಅಂಗಡಿಯವರು ಅವರ ಬೆನ್ನು ಸವರಿದರು. ಬೇಕರಿ ಹುಡುಗಿ ಅತ್ತಿಗೆಯತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಯ್ಯೋ ಪಾಪ ಎಂಬುದಿತ್ತು, ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಗಂಡ ತಪ್ಪು ಹೇಳಿದಾಗಲೆಲ್ಲ ಸರಿ ಎಂದು ಹೊಗಳಿಸಿ, ಅವರು ಸರಿ ಹೇಳಿದ ಒಂದು ದಿನ ಅವರನ್ನು ಮರುಳರ ಲೆಕ್ಕಕ್ಕೆ ಸೇರಿಸಿದ್ದೆ ಅನ್ನುವುದು ಅತ್ತಿಗೆಗೆ ಅಲ್ಲೇ, ಆ ಕ್ಷಣದಲ್ಲೇ ಅರ್ಥವಾಯಿತು. ಅವರು ಸರಿಯಾಗೇ ಹೇಳಿದ್ದರು, ತಿರುಚಿದ್ದು ನಾನು ಎಂದರೆ ಸಾಕಿತ್ತು. ಆದರೆ ಹಾಗಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ, ಬೇರೆ ಯಾವುದನ್ನು ತಿರುಚಿದ್ದೀರಿ ಎಂದು. ಅಂಗಡಿಯವರೇನು ದಡ್ಡರಲ್ಲ. ಆ ಪ್ರಶ್ನೆಗೆ ಲಿಫ್ಟಣ್ಣನ ಎದುರು ಏನೆಂದು ಉತ್ತರಿಸುವುದು? ಹೇಳಿದರೆ ಗಂಡನ ಒಂದು ಉತ್ತರ ಉಳಿಯುತ್ತದೆ, ಉಳಿದದ್ದೆಲ್ಲ ಮುಳುಗುತ್ತದೆ. ಹೇಳದಿದ್ದರೆ ಇದೊಂದು ಮುಳುಗುತ್ತದೆ. ಅತ್ತಿಗೆಯ ಬಾಯಿಗೆ ಬೀಗ ಬಿತ್ತು.

ಹೊರಡುವಾಗ ಅಂಗಡಿಯವರು ಅತ್ತಿಗೆಯನ್ನು ಬಾಗಿಲಾಚೆ ಕರೆದರು. "ಅತ್ತಿಗೆ, ತಿದ್ದುಪಡಿ ಹಾಕ್ಬಿಡಿ. ನಮ್ಮಲ್ಲಿ ಪದ್ಧತಿ ಗೊತ್ತಲ್ಲ, ತಪ್ಪು ಉತ್ತರ ಅಳಿಸೋ ಹಾಗಿಲ್ಲ. ಕೆಳಗೆ ಸರಿಯಾದ್ದು ಬರೆದು, ತಪ್ಪಿದವರು ಇಂಥವರು ಅಂತ ಹೆಸರು ಹಾಕ್ಬೇಕು." ಧ್ವನಿ ತಗ್ಗಿಸಿದರು. "ಆಮೇಲೆ... ಅಣ್ಣನಿಗೆ ಇನ್ನು ವಿಶ್ರಾಂತಿ ಕೊಡೋಣ ಅಂತ. ಬೇರೆ ಯಾರಿಗಾದ್ರೂ ಈ ಕೆಲಸ ವಹಿಸ್ತೀನಿ. ನೀವೇ ನಿಧಾನಕ್ಕೆ ಹೇಳಿ, ನನ್ನ ಬಾಯಲ್ಲಿ ಬರಲ್ಲ."

ಬೇಕರಿ ಹುಡುಗಿ ಮೆಟ್ಟಿಲ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ, "ಅಣ್ಣನ್ನ ಚೆನ್ನಾಗಿ ನೋಡ್ಕೊಳ್ಳಿ ಅತ್ತಿಗೆ" ಅಂದಳು.

ಅತ್ತಿಗೆ ಒಳಗೆ ಬಂದಾಗ ಲಿಫ್ಟಣ್ಣ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡಿದ್ದರು. ಕಾರ್ಡಿನ ಡಬ್ಬಿಯಿಂದ ಎಡಗೈಯಲ್ಲಿ, ಚಿತ್ರದ ಗುರುತಿನ ಮೇಲೆ, ಹುಡುಕಿ ಹುಡುಕಿ ಕಾವಲುಗಾರನನ್ನು ತೆಗೆದಿದ್ದರು, ಅವನ ಅಕ್ಕಪಕ್ಕ ಬೇರೆ ಸೈನಿಕರನ್ನು ಸಾಲಾಗಿ ಇಟ್ಟಿದ್ದರು.

"ನೋಡು," ಅಂದರು. ಕೈಯನ್ನು ಸಾಲಿನ ಮೇಲೆ ಬೀಸಿ ಎಲ್ಲವನ್ನೂ ಒಂದೇ ಸಲಕ್ಕೆ ಮುಚ್ಚಿ ಹಿಡಿದರು. "ಒಟ್ಟಿಗೆ. ಬೆಂಕಿ... ಎಲ್ಲಾರ ಮೇಲೂ... ಒಂದೇ ಹೊತ್ತಿಗೆ. ಆ ಹೊತ್ತಲ್ಲಿ... ಅವನಿನ್ನೂ ನಿಂತಿದಾನೆ." ಬೆರಳು ಕಾವಲುಗಾರನ ಮೇಲೆ ನಿಂತಿತು. "ನಿಂತಿದಾನಲ್ಲ! ಮತ್ತೆ... ಉಳಿದವರು ಹೇಗೆ ಸುಟ್ಟೋಗ್ತಾರೆ? ನಾನು ಇದನ್ನೇ ಹೇಳ್ದೆ. ಹೇಳ್ದೆನೋ ಇಲ್ವೋ? ನಂಗೇ ಈಗ..." ಹೆಂಡತಿಯತ್ತ ನೋಡಿದರು. ಕಣ್ಣಲ್ಲಿ ಅಳುಕಿತ್ತು. "ನಂಗೆ ತಲೆ ಕೆಟ್ಟಿದ್ಯೇನೇ?"

ಆ ಮಾತು ಕೇಳಿದ ಮೇಲೆ ಅತ್ತಿಗೆಗೆ ತಡೆಯಲಾಗಲಿಲ್ಲ. ಗಂಡನ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟರು.

"ಇಲ್ಲ ರೀ. ನೀವು ಇದನ್ನೇ ಹೇಳಿದ್ರಿ. ನಾನು ಬೇರೆ ಬರೆದೆ."

"ಬೇರೆ... ಅಂದ್ರೆ?"

"ನೀವು ತಪ್ಪು ಹೇಳಿದ್ರಿ ಅಂದ್ಕೊಂಡೆ. ಪುಸ್ತಕದಲ್ಲಿ ಓದಿದ್ನಲ್ಲ, ನನಗೇ ಗೊತ್ತು ಅಂತ. ಕಾರ್ಡು ಹರಡಿ ಕೂಡ ನೋಡ್ಲಿಲ್ಲ."

ಅಂಗಡಿಯವರು ಕೇಳದೆ ಹೋಗಿದ್ದ ಪ್ರಶ್ನೆಯನ್ನು ಕೊನೆಗೆ ಲಿಫ್ಟಣ್ಣನೇ ಕೇಳಿದರು. "ಇದೊಂದೇನಾ?"

ಸುಳ್ಳು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಗಂಡ ನಂಬುತ್ತಿದ್ದರು. ಅತ್ತಿಗೆ ಬಾಯಿ ತೆರೆದರು, ಹೂಂ ಬರಲಿಲ್ಲ.

"ಇಲ್ಲ," ಅಂದರು. "ಬಹಳ ಇವೆ."

"ಅವೆಲ್ಲಾ... ನಾನು ಸರಿ ಹೇಳಿದ್ದನ್ನ...?"

"ಅಲ್ಲ ರೀ. ಅವು... ಅವು ತಪ್ಪಿದ್ವು. ಇದೊಂದೇ ನೀವು ಸರಿ ಹೇಳಿದ್ದನ್ನ ನಾನು ಕೆಡಿಸಿದ್ದು."

ಎಡಗೈ ಮೇಜಿನ ಮೇಲೆ ಬೀಸಿತು. ಸೈನಿಕರೆಲ್ಲ ನೆಲದ ಪಾಲಾದರು. "ಕಳ್ಳಿ," ಅಂದರು ಲಿಫ್ಟಣ್ಣ. ಅದೊಂದು ಮಾತು ಮಾತ್ರ ತಡವರಿಸದೆ ಸ್ಪಷ್ಟವಾಗಿ ಬಂತು. ಅತ್ತಿಗೆ ಬಿದ್ದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡರು. ಕೆಳಗಿನ ರಸ್ತೆಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಅದು ಶುರುವಾಗಿ ದೂರ ಹೋಗುವ ತನಕ ಇಬ್ಬರೂ ಅದನ್ನೇ ಕೇಳುತ್ತ ಕೂತರು.

"ಯಾಕೆ... ನಂಗೆ ಹೇಳ್ಲಿಲ್ಲ?" ಎಂದು ಕೇಳಿದರು ಲಿಫ್ಟಣ್ಣ.

"ಮೊದಲ ಸಲ ಹೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀವು ನಕ್ಕಿರಿ. ಆಸ್ಪತ್ರೆಯಿಂದ ಬಂದ್ಮೇಲೆ ನೀವು ನಕ್ಕಿರಲಿಲ್ಲ. ಇನ್ನೊಂದ್ಸಲ ನಗಲಿ ಅಂತ ಸುಮ್ಮನಾದೆ. ಅದೇ ರೂಢಿ ಆಗೋಯ್ತು."

"ಈಗ... ಅವರು ಬಂದಾಗ?"

"ಹೆದರಿಕೆ ಆಯ್ತು," ಎಂದು ಅತ್ತಿಗೆ ಬಿಕ್ಕಿದರು. "ನಿಮ್ಮನ್ನ ಹಾಗೆ ನೋಡ್ತಿದ್ರು, ಆದ್ರೂ ನಾನು ಬಾಯಿ ಬಿಡ್ಲಿಲ್ಲ. ಅದಕ್ಕೆ ಮಾತ್ರ ನನ್ನ ಕ್ಷಮಿಸ್ಬೇಡಿ."

ಲಿಫ್ಟಣ್ಣ ಕ್ಷಮಿಸಿದೆ ಅನ್ನಲಿಲ್ಲ. "ಓದು," ಅಂದರು. "ನೀನು ತಿದ್ದಿದ್ದು. ಓದು."

ಅತ್ತಿಗೆ ಫೋನು ತೆಗೆದು ಓದತೊಡಗಿದರು. ಪ್ರಶ್ನೆ ಓದುವರು, ಉತ್ತರ ಓದುವರು. ಲಿಫ್ಟಣ್ಣ ಹಣೆ ಗಂಟಿಕ್ಕಿಕೊಂಡು ಕೇಳುವರು, ಒಮ್ಮೊಮ್ಮೆ ಕಾರ್ಡು ಕೇಳಿ ಪಡೆದು ಮೇಜಿನ ಮೇಲಿಟ್ಟು ನೋಡುವರು, ತಲೆಯಾಡಿಸುವರು. ಒಂದೆಡೆ, "ಇದಕ್ಕೆ ನಾನೇನು ಅಂದಿದ್ದೆ?" ಎಂದು ಕೇಳಿದರು. ಅತ್ತಿಗೆ ಹೇಳಿದರು. "ಛೇ! ಅಷ್ಟು ಕಡೆಯಾಗಿ... ಹೇಳಿದ್ನಾ?" ಎಂದು ತಮ್ಮ ಮೇಲೆ ತಾವೇ ಹಲ್ಲು ಕಡಿದರು. ಇನ್ನೊಂದು ಉತ್ತರ ಮುಗಿದಾಗ, "ಇದನ್ನ ನಾನೇ ಆಗಿದ್ರೂ... ಇಷ್ಟು ನೀಟಾಗಿ ಬರೀತಿರ್ಲಿಲ್ಲ" ಅಂದರು. ಅದು ಹೊಗಳಿಕೆಯೋ ಹೊಟ್ಟೆಯುರಿಯೋ ಅವರಿಗೇ ಗೊತ್ತಿರಲಿಲ್ಲ, ಎರಡೂ ಇದ್ದೀತು. ಓದಿ ಮುಗಿಯುವ ಹೊತ್ತಿಗೆ ಅತ್ತಿಗೆಯ ಗಂಟಲು ಒಣಗಿತ್ತು.

"ಸರಿ. ಈಗ... ತಿದ್ದುಪಡಿ ಬರಿ."

ಅತ್ತಿಗೆ ಕಣ್ಣೊರೆಸಿಕೊಂಡು ಸಿದ್ಧರಾದರು. ಲಿಫ್ಟಣ್ಣ ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಹೇಳಿದರು. "ಕಾವಲುಗಾರ ಒಬ್ಬನೇ ಸುಟ್ಟೋಗ್ತಾನೆ. ಬೆಂಕಿ ಎಲ್ಲರಿಗೂ ಒಟ್ಟಿಗೆ ತಾಗುತ್ತೆ. ತಾಗೋ ಹೊತ್ತಲ್ಲಿ ಅವನಿನ್ನೂ ನಿಂತಿರ್ತಾನೆ. ಬೇಕರಿ... ಅವಳ ಆಟ ಹೋಯ್ತು. ಅವಳು ಕ್ಷಮಿಸ್ಬೇಕು." ಉಸಿರು ತೆಗೆದುಕೊಂಡರು. "ತಪ್ಪಿದವರು... ಲಿಫ್ಟಣ್ಣ."

ಅತ್ತಿಗೆಯ ಬೆರಳು ನಿಂತಿತು.

"ತಪ್ಪಿದ್ದು ನಾನು ರೀ. ನನ್ನ ಹೆಸರು ಹಾಕ್ತೀನಿ. ಎಲ್ಲಾನೂ ಹೇಳ್ಬಿಡ್ತೀನಿ, ಏನು ಬೇಕಾದ್ರೂ ಅಂದ್ಕೊಳ್ಳಲಿ."

"ಬೇಡ."

"ನಿಮ್ಮ ಹೆಸರು ಹಾಕಿದ್ರೆ ಈ ಕೆಲಸ ಬೇರೆಯವರಿಗೆ ಕೊಟ್ಬಿಡ್ತಾರೆ. ಅಂಗಡಿಯವರು ಹೇಳೇ ಹೋದ್ರು. ನಾಳೆಯಿಂದ ಯಾರೂ ನಿಮ್ಮನ್ನ ಕೇಳಲ್ಲ."

"ಗೊತ್ತು," ಅಂದರು ಲಿಫ್ಟಣ್ಣ. ಅದನ್ನು ಅವರು ಅಂಗಡಿಯವರು ಬೆನ್ನು ಸವರಿದಾಗಲೇ ತಿಳಿದುಕೊಂಡಿದ್ದರು. ಎಡಗೈಯಲ್ಲಿ ತಮ್ಮ ಇಸ್ತ್ರಿ ಅಂಗಿಯ ಅಂಚನ್ನು ಎಳೆದು ಸರಿಮಾಡಿಕೊಂಡರು. "ಸರಿ ಇದ್ದದ್ದಕ್ಕೆಲ್ಲಾ... ನನ್ನ ಹೆಸರು ಹಾಕ್ದೆ ನೀನು. ಹೊಗಳಿಸ್ಕೊಂಡೆ ನಾನು. ಕೂತು ನಕ್ಕೆ. ಈಗ ತಪ್ಪಿದ್ದು ಒಂದೇ ಒಂದು. ಅದಕ್ಕೆ ನಿನ್ನ ಹೆಸರು ಹಾಕಿದ್ರೆ... ನಾನೆಂಥ ಗಂಡ ಆದೆ?"

ಅತ್ತಿಗೆ ಏನೋ ಹೇಳಲು ಹೋದರು.

"ಬರಿ," ಅಂದರು ಅವರು. "ಈ ಸಲ... ನಾನು ಹೇಳಿದ್ದೇ ಬರಿ."

ಅತ್ತಿಗೆ ಬರೆದರು. ಅವರು ಹೇಳಿದಂತೆಯೇ ಬರೆದರು, ಒಂದಕ್ಷರ ಆಚೀಚೆ ಮಾಡಲಿಲ್ಲ. ಬೆರಳು ಎರಡು ಸಲ ತಪ್ಪೊತ್ತಿತು, ಅಳಿಸಿ ಮತ್ತೆ ಬರೆದರು. ಫೋನಿನ ಗಾಜಿನ ಮೇಲೆ ಬಿದ್ದ ಕಣ್ಣೀರನ್ನು ತೋಳಿನಿಂದ ಒರೆಸಿ, ಕಳಿಸಿದರು.

"ಓದು," ಅಂದರು ಲಿಫ್ಟಣ್ಣ.

ಅತ್ತಿಗೆ ಮೊದಲಿನಿಂದ ಓದಿದರು. ಹೆಸರಿನ ಹತ್ತಿರ ಬಂದಾಗ ಧ್ವನಿ ಕೇಳಿಸದಂತಾಯಿತು.

"ಗಟ್ಟಿಯಾಗಿ ಓದೇ," ಅಂದರು ಅವರು.

ಅತ್ತಿಗೆ ಗಟ್ಟಿಯಾಗಿ ಓದಿದರು.